ಒಂದೇ ಓಡಾಟದಲ್ಲಿ

ಮೊನ್ನೆ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಒಂದು ಲೇಖನ ಓದಿದೆ. ಯಂತ್ರಗಳಿಗೆ ಬುದ್ಧಿ ಕಲಿಸುವವರು ಈಗ ಅವಕ್ಕೆ ಯೋಜನೆ ಹಾಕುವುದನ್ನೂ ಕಲಿಸುತ್ತಾರಂತೆ. ಹತ್ತು ಜನರ ಹತ್ತು ಯೋಜನೆಗಳಿದ್ದರೆ ಅವನ್ನೆಲ್ಲ ಕೂಡಿಸಿ, ಎರಡೆರಡು ಸಲ ಬರುವ ಕೆಲಸವನ್ನು ಒಂದೇ ಸಲ ಮಾಡಿ, ಒಬ್ಬರ ಕೆಲಸ ಇನ್ನೊಬ್ಬರದನ್ನು ಕೆಡಿಸದ ಹಾಗೆ ಹಿಂದುಮುಂದು ಜೋಡಿಸಿ ಮುಗಿಸುವ ಉಪಾಯವಂತೆ. ಇದು ಬಹಳ ಕಷ್ಟದ ವಿದ್ಯೆ ಎಂದು ಬರೆದವರು ಹೇಳಿದ್ದಾರೆ. ನನಗೆ ಮೊದಲು ನಗು ಬಂತು. ಈ ವಿದ್ಯೆಯಲ್ಲಿ ನಾನು ಎಪ್ಪತ್ತರ ದಶಕದಲ್ಲೇ ಪಾರಂಗತನಾಗಿದ್ದೆ. ಅಜ್ಜಂಪುರದ ಒಂದು ಈರುಳ್ಳಿ ಮಂಡಿಯಲ್ಲಿ ಗುಮಾಸ್ತನಾಗಿದ್ದವನಿಗೆ, ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಪಾಸಾದವನಿಗೆ, ಅದು ಕಷ್ಟವೆಂದು ಯಾರೂ ಹೇಳಿರಲಿಲ್ಲ. ಲೇಖನ ಮುಗಿಯುವ ಹೊತ್ತಿಗೆ ನಗು ನಿಂತಿತ್ತು. ಈ ವಯಸ್ಸಿನಲ್ಲಿ ಹೇಳಿಕೊಳ್ಳದಿದ್ದರೆ ಇನ್ನು ಯಾವಾಗ ಎಂದು ಬರೆಯಲು ಕುಳಿತಿದ್ದೇನೆ.

ಆಗ ನಮ್ಮೂರು ತಾಲ್ಲೂಕು ಆಗಿರಲಿಲ್ಲ. ಪಹಣಿ ಬೇಕೆಂದರೂ ಛಾಪಾಕಾಗದ ಬೇಕೆಂದರೂ ತರೀಕೆರೆಯ ಬಸ್ಸು ಹತ್ತಬೇಕು. ಒಬ್ಬೊಬ್ಬರೂ ಒಂದೊಂದು ಕೆಲಸಕ್ಕೆ ಒಂದೊಂದು ದಿನ ಕಳೆದು, ಸಾಹೇಬರು ಸಿಗಲಿಲ್ಲವೆಂದು ಪೆಚ್ಚುಮೋರೆ ಹಾಕಿಕೊಂಡು ಬರುತ್ತಿದ್ದರು. ನಾನು ಮಂಡಿಯ ಕೆಲಸಕ್ಕೆ ವಾರಕ್ಕೊಮ್ಮೆ ಹೋಗುತ್ತಿದ್ದೆನಲ್ಲ, ಹಿಂದಿನ ದಿನ ಬೀದಿಯವರ ಕೆಲಸಗಳನ್ನೆಲ್ಲ ಹಳೆಯ ಚೀಟಿಗಳ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮೂವರ ಪಹಣಿಗೆ ಒಂದೇ ಸರದಿ. ಮುದ್ರೆ ಒತ್ತುವವನ ಹತ್ತಿರ ಎಲ್ಲ ಕಾಗದವೂ ಒಂದೇ ಸಲ. ಅವನು ಊಟಕ್ಕೆ ಹೋದ ಹೊತ್ತಿನಲ್ಲಿ ಒಬ್ಬರ ಕನ್ನಡಕ, ಇನ್ನೊಬ್ಬರ ಔಷಧಿ. ಐದು ಜನ ಐದು ದಿನ ಮಾಡುವುದನ್ನು ಒಂದೇ ಓಡಾಟದಲ್ಲಿ ಮುಗಿಸಿ ಸಂಜೆ ಬಸ್ಸಿನಿಂದ ಇಳಿಯುವಾಗ, ನಿಲ್ದಾಣದಲ್ಲಿ ಕಾದು ನಿಂತವರನ್ನು ಕಂಡು ನನಗೆ ಎದೆ ಒಂದಿಷ್ಟು ಅಗಲವಾಗುತ್ತಿತ್ತು.

ಎಡವಟ್ಟುಗಳೂ ಆಗುತ್ತಿದ್ದವು. ಒಬ್ಬನ ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ತರೀಕೆರೆಗೆ ಒಯ್ದೆ. ಅದೇ ದಿನ ನ್ಯಾಯಬೆಲೆ ಅಂಗಡಿಗೆ ಸಕ್ಕರೆ ಬಂದು, ಅವನ ಹೆಂಡತಿ ಕಾರ್ಡಿಲ್ಲದೆ ಬರಿಗೈಯಲ್ಲಿ ವಾಪಸಾದಳು. ನಮ್ಮ ಬಾಗಿಲಿಗೆ ಬಂದು, "ನಿನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ, ಹಬ್ಬಕ್ಕೆ ಬೆಲ್ಲದ ಕಾಪಿ ನೀನು ಬಂದು ಕುಡೀತೀಯಾ?" ಎಂದು ಕೂಗಾಡಿ ಹೋದಳು. ಅದರಿಂದ ನಾನು ಕಲಿತ ಪಾಠ: ಒಬ್ಬರ ಕೆಲಸಕ್ಕೆ ಎತ್ತಿಕೊಂಡ ವಸ್ತು ಆ ಹೊತ್ತಿಗೆ ಇನ್ನೊಬ್ಬರಿಗೆ ಬೇಕೇ ಎಂದು ಮೊದಲೇ ನೋಡಬೇಕು. ವಸ್ತುಗಳ ವಿಷಯದಲ್ಲಿ ಆಮೇಲೆ ನಾನು ಎಂದೂ ತಪ್ಪಲಿಲ್ಲ.

ಈ ಚಟ ಬೆಳೆದು ಎಲ್ಲಿಗೆ ಬಂತೆಂದರೆ, ಹೋಗುವ ಗಾಡಿಯಲ್ಲಿ ಖಾಲಿ ಸೀಟು ಕಂಡರೆ ತಡೆಯಲಾಗುತ್ತಿರಲಿಲ್ಲ. ಹಸಿದವರಿಗೆ ಅನ್ನ ಚೆಲ್ಲಿದ್ದು ಕಂಡ ಹಾಗೆ.

ನನ್ನ ತಂಗಿಗೆ ಕಡೂರಿನ ಈಚೆಯ ಒಂದು ಹಳ್ಳಿಯ ಸಂಬಂಧ ಕೂಡಿಬಂದಿತ್ತು. ಗಂಡಿನವರು ಬಂದು ಹುಡುಗಿಯನ್ನು ಒಪ್ಪಿದ್ದರು. ನಾವು ಹೋಗಿ ಅವರ ಮನೆ ನೋಡಿಕೊಂಡು ಬರುವ ಶಾಸ್ತ್ರ ಬಾಕಿಯಿತ್ತು. ನಮಗೆ ಅಪ್ಪ ಅವ್ವ ಇರಲಿಲ್ಲ. ಚಿಕ್ಕಪ್ಪ, ಚಿಕ್ಕಮ್ಮ ಮತ್ತು ನಾನು ಹೋಗುವುದೆಂದಾಯಿತು. ನಮ್ಮೂರಿನ ಸಾಬರೊಬ್ಬರ ಜೀಪನ್ನು ಗೊತ್ತು ಮಾಡಿದೆ. ಅವರೇ ಮಾಲೀಕರು, ಅವರೇ ಡ್ರೈವರು. ಚಿಕ್ಕಪ್ಪನ ಪಂಪಿನ ಸ್ಟಾರ್ಟರು ಕಡೂರಿನಲ್ಲಿ ರಿಪೇರಿಗೆ ಕೂತಿತ್ತು. ಅದನ್ನೂ ಚೀಟಿಗೆ ಸೇರಿಸಿದೆ. ಆದರೂ ಒಂದು ಸೀಟು ಖಾಲಿ.

ಹೊರಡುವ ದಿನ ಬೆಳಗಿನ ಮೊದಲ ರೈಲುಗಾಡಿಗೆ ಒಬ್ಬ ಬಂದಿಳಿದು ಪಕ್ಕದ ಮನೆಯ ದೊಡ್ಡವ್ವನಿಗೆ ಸಾವಿನ ಸುದ್ದಿ ಹೇಳಿದ. ಎಮ್ಮೆದೊಡ್ಡಿ ಕಡೆಯ ಹಳ್ಳಿಯಲ್ಲಿದ್ದ ಅವಳ ತಮ್ಮ ಹಿಂದಿನ ಸಂಜೆ ತೀರಿಕೊಂಡಿದ್ದ. ಮಧ್ಯಾಹ್ನ ಮೂರರ ಮೇಲೆ ಮಣ್ಣು ಎಂದು ಹೇಳಿ, ಹೊಸದುರ್ಗದ ಕಡೆಯ ನೆಂಟರಿಗೂ ತಿಳಿಸಬೇಕೆಂದು ಅವನು ಮುಂದಿನ ಬಸ್ಸು ಹಿಡಿದ.

ದೊಡ್ಡವ್ವ ನಮ್ಮ ರಕ್ತಸಂಬಂಧಿಯಲ್ಲ. ಅವ್ವ ಸತ್ತ ಮೇಲೆ ನನಗೂ ತಂಗಿಗೂ ರೊಟ್ಟಿ ತಟ್ಟಿ ಹಾಕಿದವಳು. ಗಂಡ ಮಕ್ಕಳು ಯಾರೂ ಉಳಿದಿರಲಿಲ್ಲ. ಆ ತಮ್ಮನನ್ನು ಎರಡು ವರ್ಷದ ಕೂಸಿನಿಂದ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳಂತೆ. ನಾನು ಹೋದಾಗ ಅವಳು ಪೆಟ್ಟಿಗೆಯಿಂದ ಒಂದು ಹೊಸ ಪಂಚೆ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟು ನಿಂತಿದ್ದಳು. ಅಳು ಇರಲಿಲ್ಲ.

"ಏಳೂವರೆ ಗಾಡಿಗೆ ಹೊಂಟೀನಿ ಕಣೋ. ಕಡೂರಲ್ಲಿ ಇಳುದ್ರೆ ಹತ್ ಗಂಟೆ ಬಸ್ಸೈತೆ. ಊರ ಬಾಗ್ಲಲ್ಲೇ ನಿಲ್ಲುಸ್ತಾನೆ. ಅವನ ಮುಖ ಒಂದು ನೋಡಿ, ಈ ಪಂಚೆ ಹೊದ್ಸಿ ಬತ್ತೀನಿ."

ಓದು ಬರಹ ಇಲ್ಲದ ಆ ಮುದುಕಿಯ ಯೋಜನೆಯಲ್ಲಿ ಒಂದು ಕುಂದೂ ಇರಲಿಲ್ಲ ಎಂದು ಈಗ ಹೇಳಬಲ್ಲೆ. ಆಗ ನನ್ನ ತಲೆಯಲ್ಲಿದ್ದುದು ಖಾಲಿ ಸೀಟು.

"ಅದ್ಯಾಕೆ ದೊಡ್ಡವ್ವ, ರೈಲು ಇಳಿದು ಬಸ್ಸು ಹತ್ತಿ? ನಮ್ಮ ಜೀಪು ಕಡೂರಿಗೇ ಹೋಗ್ತೈತೆ. ದಾರೀಲಿ ಗಂಡಿನ ಮನೇಲಿ ಒಂದ್ ಗಂಟೆ, ಆಮೇಲೆ ಸೀದಾ ನಿಮ್ಮೂರು. ಹನ್ನೆರಡೂವರೆಗೆ ಮನೆ ಮುಂದೆ ಇಳುಸ್ತೀನಿ."

"ನೀವು ಒಳ್ಳೇ ಕೆಲ್ಸಕ್ಕೆ ಹೊಂಟಿದೀರ. ನಡುವೆ ನಾನ್ಯಾಕಪ್ಪಾ?"

"ಒಂದೇ ಓಡಾಟದಲ್ಲಿ ಆಗೋದನ್ನ ಎರಡು ಯಾಕೆ ಮಾಡ್ಬೇಕು?"

ಹನ್ನೊಂದರೊಳಗೆ ತಲುಪುತ್ತಿದ್ದವಳಿಗೆ ಹನ್ನೆರಡೂವರೆಗೆ ತಲುಪಿಸುತ್ತೇನೆಂದು ಹೇಳಿ, ಅದನ್ನು ಉಪಕಾರವೆಂದು ನಂಬಿಸಿದೆ. ನಾನೂ ನಂಬಿದೆ. ಏಳೂವರೆ ಗಾಡಿ ಕೂಗಿಕೊಂಡು ಹೋದಾಗ ದೊಡ್ಡವ್ವ ನಮ್ಮ ಜಗುಲಿಯ ಮೇಲೆ ಚೀಲ ಹಿಡಿದು ಕುಳಿತಿದ್ದಳು, ಚಿಕ್ಕಮ್ಮ ಒಳಗೆ ಸೀರೆ ಬದಲಾಯಿಸುತ್ತಿದ್ದಳು.

ಚಿಕ್ಕಮ್ಮನಿಗೆ ವಿಷಯ ತಿಳಿದದ್ದೇ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ಲೇ, ನಿಂಗೇನು ತಲೆ ಕೆಟ್ಟೈತಾ? ಸಾವಿನ ಮನೆಗೆ ಹೋಗೋರನ್ನ ಕಟ್ಕೊಂಡು ಮದುವೆ ಮಾತಿಗೆ ಹೋಗೋದಾ?"

"ನಾವು ಲಿಂಗ ಕಟ್ಟಿದೋರು ಚಿಕ್ಕಮ್ಮ. ನಮಗೆಲ್ಲಿ ಸೂತಕ? ಮಠದಲ್ಲಿ ಬುದ್ಧಿಯೋರು ಹೇಳಿದ್ದು ಕೇಳಿಲ್ವಾ?"

"ಬುದ್ಧಿಯೋರು ಹೇಳ್ತಾರೆ. ಅವರಿಗೇನು ಹೆಣ್ಣು ಕೊಡೋದೈತಾ?"

"ಸೂತಕ ಇದ್ರೂ ಬರುವಾಗ ತಾನೇ? ಹೋಗುವಾಗ ಎಲ್ಲಿಂದ ಬಂತು? ಇನ್ನೊಂದು ಹೇಳ್ತೀನಿ. ದೊಡ್ಡವ್ವ ಬರ್ದಿದ್ರೆ ನಾವು ಮೂರೇ ಜನ ಆಗ್ತೀವಿ."

ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಡಬಾರದು. ಡ್ರೈವರನ್ನು ಈ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಒಂದು ಮೂಢನಂಬಿಕೆಯನ್ನು ಮಠದ ಮಾತಿನಿಂದಲೂ ಮುರಿಯಲಾಗದಾಗ ಇನ್ನೊಂದು ಮೂಢನಂಬಿಕೆಯಿಂದ ಮುರಿದೆನೆಂದು ಬೀಗಿದೆ.

ಬೀರೂರಿನಲ್ಲಿ ನಿಲ್ಲಿಸಿ ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ತೆಗೆದುಕೊಂಡೆ. ಹೂವಿನವಳ ಹತ್ತಿರ ಸೇವಂತಿಗೆ ಮಾಲೆಯನ್ನು ಒಂದೇ ಉದ್ದಕ್ಕೆ ಅಳೆಸಿ, ಎರಡು ತುಂಡು ಮಾಡಿಸಿದೆ. ಒಂದು ತುಂಡು ಗಂಡಿನ ಮನೆಯ ದೇವರಿಗೆ, ಇನ್ನೊಂದು ದೊಡ್ಡವ್ವನ ತಮ್ಮನಿಗೆ. ಸಾಬರು ಸ್ಟೀರಿಂಗಿನ ಮೇಲೆ ಗಲ್ಲ ಊರಿ ನೋಡುತ್ತಿದ್ದರು.

"ಅರೆ ಗುಮಾಸ್ತ್ರೇ, ಕೈ ತಪ್ಪಿ ಅದ್ಲುಬದ್ಲು ಮಾಡ್ಬಿಟ್ಟೀರ."

"ಹೂವಿಗೇನು ಗೊತ್ತಾಗುತ್ತೆ ಸಾಬ್ರೇ?"

"ಹೂವಿಗೆ ಗೊತ್ತಾಗಲ್ಲ ಬಿಡಿ" ಎಂದು ಅವರು ಗೇರು ಹಾಕಿದರು.

ಗಂಡಿನ ಊರಿಗೆ ಹತ್ತು ಗಂಟೆಗೆ ಮುಟ್ಟಿದೆವು. ಊರಿನಿಂದ ಕೂಗಳತೆ ದೂರದಲ್ಲಿ, ಕೆರೆ ಏರಿಯ ಕೆಳಗೆ ಒಂದು ಹೊಂಗೆಮರವಿತ್ತು. ಜೀಪನ್ನು ಅಲ್ಲೇ ನಿಲ್ಲಿಸಲು ಹೇಳಿದೆ. ಸೂತಕವಿಲ್ಲವೆಂದು ಚಿಕ್ಕಮ್ಮನ ಜೊತೆ ವಾದ ಮಾಡಿದವನೇ ದೊಡ್ಡವ್ವನಿಗೆ, "ನೀನು ಇಲ್ಲೇ ನೆರಳಲ್ಲಿರು, ಅವರ ಕಣ್ಣಿಗೆ ಬೀಳೋದು ಬೇಡ" ಎಂದೆ. "ಆಗ್ಲಿ ಕಣಪ್ಪ, ಹುಡುಗಿಗೆ ಒಳ್ಳೇದಾಗ್ಲಿ" ಎಂದಳು.

ಹೀಗೆ ನಾವು ಆ ಮನೆಯ ಬಾಗಿಲಿಗೆ ಸರಿಯಾಗಿ ಮೂರು ಜನ ಹೋಗಿ ನಿಂತೆವು.

ಗಂಡಿನ ತಾಯಿ ಕಾಲಿಗೆ ನೀರು ಕೊಟ್ಟು, "ಮೂರೇ ಜನ ಬಂದ್ರಾ?" ಎಂದರು. ಚಿಕ್ಕಮ್ಮ ಗಾಬರಿಯಲ್ಲಿ, "ಇಲ್ಲ ಕಣ್ರೀ, ಜೀಪಲ್ಲಿ ಇನ್ನಿಬ್ರು ಅವ್ರೆ" ಎಂದುಬಿಟ್ಟಳು.

"ಅಯ್ಯೋ, ಅವ್ರನ್ಯಾಕೆ ಅಲ್ಲಿ ಬಿಟ್ರಿ? ಕರೀರಿ, ಕರೀರಿ."

"ಡ್ರೈವರು ಮತ್ತೆ ಕ್ಲೀನರು ಕಣಮ್ಮ" ಎಂದೆ. "ಸಾಬ್ರು. ರೋಜಾ ಹಿಡ್ದವ್ರೆ. ನೀರೂ ಮುಟ್ಟಲ್ಲ."

ಆ ಒಂದು ಮಾತಿನಿಂದ ದೊಡ್ಡವ್ವ ಜೀಪಿನ ಕ್ಲೀನರಾದಳು, ಸಾಬರು ಆ ದಿನ ಉಪವಾಸ ಬಿದ್ದರು.

ಒಂದು ಗಂಟೆಯೆಂದು ಬರೆದುಕೊಂಡಿದ್ದೆನಲ್ಲ, ಆ ಒಂದು ಗಂಟೆ ನಡುಮನೆಯಲ್ಲೇ ಕಳೆಯಿತು. ಉಪ್ಪಿಟ್ಟು, ಕಾಫಿ. ಆಮೇಲೆ ಮನೆ ನೋಡಬೇಕು. ಮನೆಯೆಂದರೆ ಮನೆಯಷ್ಟೇ ಅಲ್ಲ. ಕೊಟ್ಟಿಗೆ, ಕಣಜ, ಬಾವಿ, ಬಾವಿಯ ಪಂಪು. ಪಂಪಿನ ಹತ್ತಿರ ಚಿಕ್ಕಪ್ಪ ತನ್ನ ಸ್ಟಾರ್ಟರಿನ ಕಥೆ ತೆಗೆದ. ಗಂಡಿನ ತಂದೆ ಅವರ ಸ್ಟಾರ್ಟರಿನ ಕಥೆ ತೆಗೆದರು. ಆಮೇಲೆ ಹಿತ್ತಲ ದಾರಿಯಲ್ಲೇ ಹೋಗಿ ಗಂಡಿನ ದೊಡ್ಡಪ್ಪನ ಮನೆಗೂ ಕಾಲಿಡಬೇಕು. ಇಲ್ಲದಿದ್ದರೆ ಅವರು ಮದುವೆಗೆ ಬರುವುದಿಲ್ಲ. ಅಲ್ಲಿ ಇನ್ನೊಂದು ಕಾಫಿ.

ಹನ್ನೊಂದೂವರೆಗೆ ನಾನು, "ಇನ್ನು ಅಪ್ಪಣೆ ಕೊಡಿ" ಎಂದೆ.

ಗಂಡಿನ ತಾಯಿಯ ಮುಖ ಕಪ್ಪಿಟ್ಟಿತು. "ಒಬ್ಬಟ್ಟಿಗೆ ಬೇಳೆ ಇಟ್ಟೀವಿ. ಮನೆ ನೋಡೋಕೆ ಬಂದೋರು ಸಿಹಿ ಉಣ್ದೆ ಎದ್ರೆ ಸಂಬಂಧ ಬ್ಯಾಡ ಅಂದಂಗೆ ಕಣ್ರೀ. ಅಂಥಾ ಏನು ಅವಸರದ ಕೆಲ್ಸ?"

ಏನು ಕೆಲಸವೆಂದು ಹೇಳುವುದು? ನಾಲಿಗೆಯ ತುದಿಗೆ ಬಂತು, ಚಿಕ್ಕಮ್ಮ ಕಣ್ಣಲ್ಲೇ ಇರಿದಳು. "ಏನಿಲ್ಲ ಬಿಡಿ, ಸುಮ್ನೆ" ಎಂದು ಕುಳಿತೆ. ಒಳಗಿನಿಂದ ಬೇಳೆ ಇನ್ನೂ ಬೆಂದಿಲ್ಲವೆಂಬ ಸುದ್ದಿ ಬಂತು.

ಜೀಪು ನೋಡಿ ಬರುವ ನೆಪ ಮಾಡಿ, ಅವರು ತೋರಿಸಿದ ಹಿತ್ತಲ ದಾರಿಯಿಂದ ಕೆರೆ ಏರಿಗೆ ಓಡಿದೆ. ದೊಡ್ಡವ್ವ ಹಿಂದಿನ ಸೀಟಿನಲ್ಲಿ ಪಂಚೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದಳು. ಹೂವಿಗೆ ಆಗಾಗ ಕೆರೆಯ ನೀರು ಚಿಮುಕಿಸಿದ್ದಳು. ಬೆಳಗಿನಿಂದ ಬಾಯಿಗೆ ಒಂದು ಹನಿ ಹಾಕಿರಲಿಲ್ಲ. ತಮ್ಮನ ಮುಖ ನೋಡುವವರೆಗೆ ಹಾಕುವಂತೆಯೂ ಇರಲಿಲ್ಲ.

"ಹೊತ್ತಾಯ್ತಾ ಮಗಾ?"

"ಇನ್ನರ್ಧ ಗಂಟೆ ದೊಡ್ಡವ್ವ."

ಸಾಬರು ನನ್ನನ್ನು ಮರದ ಆ ಕಡೆಗೆ ಕರೆದರು. "ಗುಮಾಸ್ತ್ರೇ, ನಾನೊಂದ್ ಮಾತು ಹೇಳ್ಲಾ? ನೀವು ಆರಾಮಾಗಿ ಊಟ ಮಾಡಿ. ನಾನು ಇವ್ರನ್ನ ಈಗ್ಲೇ ಅವರೂರಿಗೆ ಬಿಟ್ಟು, ಎರಡು ಗಂಟೆ ಒಳಗೆ ವಾಪಸ್ ಬರ್ತೀನಿ. ನಿಮ್ಮನ್ನ ಸೀದಾ ಊರಿಗೆ ಕರ್ಕೊಂಡು ಹೋಗ್ತೀನಿ."

ಇಷ್ಟು ವರ್ಷ ನನ್ನನ್ನು ಕಾಡಿದ್ದು ಈ ಮಾತು. ಬಾಗಿಲು ತೆರೆದೇ ಇತ್ತು. ತೆರೆದವನೂ ನಾನಲ್ಲ.

"ಎರಡು ಓಡಾಟ ಆಗುತ್ತಲ್ಲ ಸಾಬ್ರೇ" ಎಂದೆ.

"ಆಗ್ಲಿ ಬಿಡಿ. ಪೆಟ್ರೋಲ್ ನಂದು."

"ಹಂಗಲ್ಲ. ಜೀಪಿನ ಸದ್ದು ಕೇಳಿದ್ರೆ ಅವರು ಎಲ್ಲಿಗೆ ಹೋಯ್ತು ಅಂತಾರೆ. ಬೇಳೆ ಬೆಂದೈತೆ. ಇನ್ನೇನು ಬಂದ್ವಿ."

ಬೇಳೆ ಬೆಂದಿರಲಿಲ್ಲ. ಜೀಪಿನ ಸದ್ದಿಗೆ ಒಂದು ಸುಳ್ಳು ಹೇಳುವುದು ನನಗೇನು ದೊಡ್ಡ ಕೆಲಸವಾಗಿರಲಿಲ್ಲ, ಮುದುಕಿಯನ್ನೇ ಕ್ಲೀನರು ಮಾಡಿದವನಿಗೆ. ನಿಜ ಏನೆಂದರೆ, ನನ್ನ ಚೀಟಿ ಹಾಳಾಗುತ್ತದಲ್ಲ ಎಂಬ ಸಂಕಟ. ಹೋಗುವಾಗ ಸಾಬರು ಹಿಂದಿನಿಂದ, "ರಂಜಾನ್‌ಗೆ ಇನ್ನೂ ಮೂರು ತಿಂಗ್ಳೈತೆ ಅಂತ ಹೇಳ್ಬಿಡಿ ಅವರಿಗೆ, ಎರಡು ಒಬ್ಬಟ್ಟಾದ್ರೂ ಕಳಿಸ್ತಾರೆ" ಎಂದರು. ನಮ್ಮ ಚಿಕ್ಕಪ್ಪ ಮೂತ್ರಕ್ಕೆಂದು ಏರಿಯ ಕಡೆ ಬಂದು ನನ್ನ ರೋಜಾದ ಕಥೆಯನ್ನು ಅವರ ಕಿವಿಗೆ ಹಾಕಿ ಹೋಗಿದ್ದ.

ಎಲೆ ಹಾಕುವಾಗ ಒಂದು ಗಂಟೆ. ಬೇಗ ಉಂಡರೆ ರುಚಿಯಾಗಲಿಲ್ಲವೇ ಎನ್ನುತ್ತಾರೆ, ನಿಧಾನ ಉಂಡರೆ ರುಚಿಯಾಗಿದೆಯೆಂದು ಇನ್ನೊಂದು ಹಾಕುತ್ತಾರೆ. ಚಿಕ್ಕಪ್ಪ ಆರು ಒಬ್ಬಟ್ಟು ಉಂಡ. ನಾನು ನಾಲ್ಕು ಉಂಡೆ. ಆಮೇಲೆ ಚಿಕ್ಕಮ್ಮನಿಗೆ ಅರಿಶಿನ ಕುಂಕುಮ, ಉಡಿ ತುಂಬಿಸುವುದು, ಎಲೆ ಅಡಿಕೆ. ಏರಿಯ ಹತ್ತಿರ ಬಂದಾಗ ಎರಡು ದಾಟಿತ್ತು. ಸಾಬರು ಎಂಜಿನ್ ಶುರು ಮಾಡಿಕೊಂಡೇ ಕುಳಿತಿದ್ದರು.

ಆದರೂ ಹೊತ್ತಿತ್ತು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಸೀದಾ ಹೋಗಿದ್ದರೆ ಹೊತ್ತಿತ್ತು. ಕಡೂರಿನ ಪೇಟೆಯಲ್ಲಿ ನಾನೇ, "ಸಾಬ್ರೇ, ಇಲ್ಲೇ ಒಂದ್ ನಿಮಿಷ" ಎಂದೆ. ಸ್ಟಾರ್ಟರಿನ ಅಂಗಡಿ ದಾರಿಯಲ್ಲೇ ಇತ್ತು. ಬರುವಾಗ ನಿಲ್ಲಿಸಿದರಾಯಿತೆಂದರೆ, ಬರುವಾಗ ಸಾವಿನ ಮನೆಯಿಂದ ಬಂದವರು ಅಂಗಡಿಗೆ ಹೋಗುವ ಹಾಗಿಲ್ಲ, ಸೀದಾ ಮನೆಗೆ ಹೋಗಿ ಸ್ನಾನ ಮಾಡಬೇಕು. ಸೂತಕ ಹಿಡಿದವರು ಯಾರು ಎಂದು ಕೇಳಬೇಡಿ. ರಿಪೇರಿಯವನು ಟೀ ಕುಡಿಯಲು ಹೋಗಿದ್ದ. ಇಪ್ಪತ್ತು ನಿಮಿಷ ಕಾದೆ. ಸಾಬರು ಎರಡು ಸಲ ಹಾರ್ನ್ ಹೊಡೆದರು. ಸ್ಟಾರ್ಟರನ್ನು ತಂದು ಜೀಪಿನೊಳಗೆ ಇಟ್ಟಾಗ ದೊಡ್ಡವ್ವ ಅದು ಕುಲುಕದಿರಲೆಂದು ಒಂದು ಕೈಯಲ್ಲಿ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಪಂಚೆಯಿತ್ತು.

ನಾವು ಹೋದಾಗ ಅವಳ ತವರಿನವರು ಹೊಲದಿಂದ ತಿರುಗಿ ಬರುತ್ತಿದ್ದರು. ಕೈಕಾಲಿಗೆಲ್ಲ ಕೆಮ್ಮಣ್ಣು. ಜೀಪಿನಿಂದ ದೊಡ್ಡವ್ವ ಇಳಿದದ್ದನ್ನು ಕಂಡು ಅವಳ ತಮ್ಮನ ಮಗ ಮಣ್ಣಿನ ಕೈಯಲ್ಲೇ ಓಡಿ ಬಂದ. "ಅತ್ತೆ, ಕುಣಿ ಹತ್ರ ಇಟ್ಕೊಂಡು ಕಾದ್ವಲ್ಲ ಅತ್ತೆ. ಈಗ ಕಾಲು ಗಂಟೆ ಆಯ್ತು. ಎಲ್ಲಿದ್ರಿ?"

ದೊಡ್ಡವ್ವ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನೇ ಮುಂದೆ ಬಂದು, "ಜೀಪು ಪಂಚರಾಯ್ತು" ಎಂದೆ.

ಎಲ್ಲರ ಕಣ್ಣೂ ಸಾಬರ ಕಡೆ ಹೋಯಿತು. ಒಬ್ಬ ಹಿರಿಯ, "ಟೈರು ನೋಡ್ಕೊಂಡು ಹೊರಡಕ್ಕಾಗ್ಲಿಲ್ವೇನಯ್ಯಾ? ಒಂದು ಹೆಣ್ಣು ಜೀವ ಕೂತೈತೆ ಗಾಡೀಲಿ" ಎಂದು ಗದರಿದ. ಸಾಬರು ಟೋಪಿ ತೆಗೆದು, "ತಪ್ಪಾಯ್ತು ಯಜಮಾನ್ರೇ" ಎಂದರು.

ಆಗ ದೊಡ್ಡವ್ವ ಬಾಯಿ ಬಿಟ್ಟಳು. "ಹೌದು ಕಣಪ್ಪ, ಪಂಚರಾಯ್ತು. ಅವರೇನು ಮಾಡ್ತಾರೆ?"

ಗಂಡಿನ ಮನೆಯ ಹತ್ತಿರ ಸಾವಿನ ಹೂವು ಹಿಡಿದವಳನ್ನು ಕೂರಿಸಿಕೊಂಡಿದ್ದರೆಂಬ ಸುದ್ದಿ ಹಬ್ಬಿದರೆ ನನ್ನ ತಂಗಿಯ ಮದುವೆ ಮುರಿಯುತ್ತದೆಂದು ಅವಳಿಗೆ ಗೊತ್ತಿತ್ತು. ಅವಳನ್ನು ಹೊಲಕ್ಕೆ ಕರೆದುಕೊಂಡು ಹೋದರು. ಮಣ್ಣು ಇನ್ನೂ ಹಸಿಯಾಗಿತ್ತು. ಹೂವನ್ನು ಇಟ್ಟು, ಪಂಚೆಯನ್ನು ಬಿಡಿಸಿ ಅದರ ಮೇಲೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟಳು.

ರಾತ್ರಿಯಾಗುವ ಮುಂಚೆ ಊರು ಸೇರಿದೆವು. ಎಲ್ಲರೂ ಇಳಿದ ಮೇಲೆ ಸಾಬರು ನನ್ನೊಬ್ಬನಿಗೇ ಹೇಳಿದರು: "ಪಂಚರು ನಾನು ಹೊತ್ಕೊಂಡೆ ಗುಮಾಸ್ತ್ರೇ. ಸ್ಟಾರ್ಟರು ನೀವೇ ಹೊತ್ಕೊಳ್ಳಿ." ಆಮೇಲೆ ಅವರು ಬಾಡಿಗೆಗೆ ಕರೆದರೆ ಎಲ್ಲರಿಗೂ ಬರುತ್ತಿದ್ದರು, ನನಗೆ ಮಾತ್ರ ಜೀಪು ಖಾಲಿಯಿಲ್ಲ ಎನ್ನುತ್ತಿದ್ದರು.

ತಂಗಿಯ ಮದುವೆ ಚೆನ್ನಾಗಿಯೇ ಆಯಿತು. ಎರಡು ವರ್ಷದ ಮೇಲೆ ಅವಳ ಅತ್ತೆಗೆ ಹೇಗೋ ವಿಷಯ ತಿಳಿಯಿತು. ನಾನು ಹೋದಾಗ ಎಲೆ ಅಡಿಕೆ ಮುಂದಿಟ್ಟು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಏನ್ ಜನ ಕಣ್ರೀ ನೀವು! ಹೇಳಿದ್ರೆ ನಾವೇ ಗಾಡಿ ಕಟ್ಸಿ ಕಳುಸ್ತಿರಲಿಲ್ವಾ? ಲಿಂಗವಂತರ ಮನೇಲಿ ಎಂಥಾ ಸೂತಕ? ನಾವೂ ಅವತ್ತು ಬೆಳಿಗ್ಗೆ ಬೀದಿ ಕೊನೇಲಿ ಒಂದು ಸಾವಾಗಿದ್ದು ನಿಮಗೆ ಹೇಳಿರ್ಲಿಲ್ಲ. ಪಾಪ, ನೀವೇನಾದ್ರೂ ಅಂದ್ಕೊಂಡೀರಿ ಅಂತ."

ಅದಕ್ಕೇ ಇರಬೇಕು, ಊಟದ ಹೊತ್ತಿನವರೆಗೂ ನಮ್ಮನ್ನು ಬೀದಿಗೆ ಬಿಡದೆ ಹಿತ್ತಲ ದಾರಿಯಲ್ಲೇ ಸುತ್ತಿಸಿದ್ದು. ನಾನು ಅಲ್ಲೇ ಬಿದ್ದು ಬಿದ್ದು ನಗಬೇಕಿತ್ತು.

ದೊಡ್ಡವ್ವ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಮುಂಚಿನಂತೆಯೇ ಮಾತನಾಡಿಸಿದಳು. ಆದರೆ ಆ ಕಡೆಯವರು ಯಾರೇ ಸಂತೆಗೆ ಬರಲಿ, ಹಿಡಿದು ನಿಲ್ಲಿಸಿ, "ಮುಖ ಹೆಂಗಿತ್ತು ಅವನ್ದು?" ಎಂದು ಕೇಳುವಳು. ಒಬ್ಬ ನಗುತ್ತಿದ್ದ ಹಾಗಿತ್ತು ಎಂದ. ಇನ್ನೊಬ್ಬ ಬಾಯಿ ಸ್ವಲ್ಪ ತೆರೆದಿತ್ತು ಎಂದ. ಗಡ್ಡ ಹೆರೆದಿದ್ದರೋ ಇಲ್ಲವೋ ಎಂಬುದನ್ನು ಇಬ್ಬರು ಎರಡು ರೀತಿ ಹೇಳಿದರು. ನನಗೆ ಕೇಳಿ ಕೇಳಿ ತಡೆಯಲಾಗಲಿಲ್ಲ. ಎಂಬತ್ತರ ದಶಕದಲ್ಲಿ ವರ್ಷಕ್ಕೆ ಒಂದೆರಡು ಸಲ, ಇನ್ನಾವ ಕೆಲಸವನ್ನೂ ಇಟ್ಟುಕೊಳ್ಳದೆ, ಅದಕ್ಕಾಗಿಯೇ ಗಾಡಿ ಹತ್ತಿ, ಬಸ್ಸು ಹತ್ತಿ, ಆ ಊರಿಗೆ ಹೋಗಿ ಕಂಡವರನ್ನೆಲ್ಲ ಕೇಳಿ ಬಂದು ಅವಳಿಗೆ ಹೇಳುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೇಳಿ, "ಅವರು ಹಂಗಂದ್ರು, ಇವರು ಹಿಂಗಂತಾರೆ. ಒಂದು ಮುಖ ಆಗವಲ್ದು ಕಣೋ" ಎನ್ನುವಳು.

ಕೊನೆಗೆ ಹೆಣಕ್ಕೆ ಸ್ನಾನ ಮಾಡಿಸಿ ಅಲಂಕಾರ ಮಾಡಿದ್ದ ಅಯ್ಯನವರು ಸಿಕ್ಕರು. ಅವರು, "ಮುಖ ಯಾರು ನೋಡಿದ್ರಪ್ಪ? ನಾನೇ ಹಣೆಯಿಂದ ಗದ್ದದವರೆಗೆ ದಪ್ಪ ವಿಭೂತಿ ಮೆತ್ತಿದ್ದೆ. ಕಣ್ಣು ಮೂಗು ಒಂದೂ ಕಾಣ್ತಿರಲಿಲ್ಲ. ಹೇಳಿದೋರೆಲ್ಲ ಸುಳ್ಳು ಹೇಳವ್ರೆ" ಎಂದರು. ನನಗೆ ಎಷ್ಟೋ ವರ್ಷದ ಮೇಲೆ ಉಸಿರು ಸಲೀಸಾಗಿ ಬಂತು. ನೋಡಿದ್ದರೂ ಅವಳಿಗೆ ಕಾಣುತ್ತಿರಲಿಲ್ಲ! ಅಂದರೆ ನಾನು ಕಳೆದದ್ದು ಏನೂ ಇಲ್ಲ. ಬಸ್ಸಿನಲ್ಲಿ ಇದನ್ನೇ ಲೆಕ್ಕ ಹಾಕಿಕೊಂಡು ಬಂದೆ. ಊರಿಗೆ ಬಂದವನೇ ನನ್ನ ಮನೆಗೂ ಹೋಗದೆ ಅವಳ ಜಗುಲಿಗೆ ಹೋಗಿ ಹೇಳಿದೆ.

ದೊಡ್ಡವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು:

"ನಾನಿದ್ದಿದ್ರೆ ಒರೆಸಿ ನೋಡ್ತಿದ್ದೆ ಕಣೋ."